ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ: ಜಾಮೀನು ಎಲ್ಲಿ ಸಿಗುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ

ಬೆಂಗಳೂರಿನ ಟ್ರಾಫಿಕ್ ಠಾಣೆಗಳಲ್ಲಿ ‘ಡಿಡಿ ಕೇಸು’ ಎಂದರೆ ಡ್ರಂಕ್ ಅಂಡ್ ಡ್ರೈವ್. ಇದರಲ್ಲಿ ಸಿಕ್ಕವರ ಮನೆಯವರು ಮೊದಲು ಕೇಳುವುದೇ ‘ಬೇಲ್ ಸಿಗುತ್ತಾ?’ ಎಂದು. ಅಪಘಾತವಾಗದೆ ಬರೀ ಕುಡಿದು ಓಡಿಸಿದ ಕೇಸಾದರೆ ಸಿಗುತ್ತದೆ. ಠಾಣೆಯಲ್ಲೇ ಸಿಗುತ್ತದೆ, ಅದು ಯಾರ ಕೃಪೆಯೂ ಅಲ್ಲ, ಹಕ್ಕು. ಗೊಂದಲವಾಗುವುದು ಮೂರು ಬೇರೆ ಬೇರೆ ಬಿಡುಗಡೆಗಳನ್ನು ಒಂದೇ ಎಂದುಕೊಂಡಾಗ. ಮನುಷ್ಯ ಹೊರಬರುವುದು ಜಾಮೀನಿನ ಮೇಲೆ. ಗಾಡಿ ಬರುವುದು ಸಾಮಾನ್ಯವಾಗಿ ಕೋರ್ಟಿನ ಆದೇಶದ ಮೇಲೆ. ಲೈಸೆನ್ಸ್ ಭವಿಷ್ಯ ಆರ್‌ಟಿಒ ಕೈಯಲ್ಲಿ. ಒಂದು ಮುಗಿಯಿತೆಂದು ಇನ್ನೊಂದು ತಾನಾಗಿ ಮುಗಿಯುವುದಿಲ್ಲ. ಠಾಣೆಯಿಂದ ಮನೆಗೆ ಬಂದವರು ಕೇಸೇ ಮುಗಿಯಿತೆಂದು ಮರೆತುಬಿಟ್ಟು, ಕೆಲವು ತಿಂಗಳ ಮೇಲೆ ವಾರಂಟ್ ಬಂದಾಗ ಕಂಗಾಲಾಗುವುದು ಇದರಿಂದಲೇ.

ಬಂಧಿಸಬಹುದು, ಆದರೆ ಇಟ್ಟುಕೊಳ್ಳುವಂತಿಲ್ಲ

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 185ರ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇಟ್ಟುಕೊಂಡು ಗಾಡಿ ಓಡಿಸಿದರೆ ಅಪರಾಧ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂ. ದಂಡ ಅಥವಾ ಎರಡೂ. ಮತ್ತೆ ಸಿಕ್ಕರೆ 2 ವರ್ಷದವರೆಗೆ ಜೈಲು ಅಥವಾ 15,000 ರೂ. ಅಥವಾ ಎರಡೂ. 2019ರ ತಿದ್ದುಪಡಿಯ ಈ ಮೊತ್ತ ಅದೇ ವರ್ಷ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಹೆಲ್ಮೆಟ್ ಕೇಸಿನಂತೆ ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸಲು ಇಲ್ಲಿ ದಾರಿಯಿಲ್ಲ. ಸ್ಥಳದಲ್ಲೇ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿ ಸೆಕ್ಷನ್ 200ರಲ್ಲಿದೆ, ಅದರಲ್ಲಿ 185 ಇಲ್ಲ. ಆದ್ದರಿಂದ ‘ಇಲ್ಲೇ ಕೊಟ್ಟುಬಿಡಿ ಸಾರ್, ಕೋರ್ಟಿಗೆ ಹೋಗೋದು ಬೇಡ’ ಎಂದು ಯಾರಾದರೂ ಹೇಳಿದರೆ ಆ ದುಡ್ಡು ಸರಕಾರದ ಖಜಾನೆಗೆ ಹೋಗುವುದಲ್ಲ.

ಬೇರೆ ಕಾಯ್ದೆಗಳಡಿಯ ಅಪರಾಧಕ್ಕೆ ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯಿದ್ದರೆ ಅದು ಜಾಮೀನು ಸಿಗುವ ಅಪರಾಧ ಎಂದು ಬಂಧನ, ಜಾಮೀನು, ವಿಚಾರಣೆಯ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಮುಂದೆ ಬಿಎನ್‌ಎಸ್‌ಎಸ್) ಮೊದಲ ಅನುಸೂಚಿ ಹೇಳುತ್ತದೆ. ಹೀಗಾಗಿ ಎರಡನೇ ಸಲ ಸಿಕ್ಕವರಿಗೂ ಜಾಮೀನು ಹಕ್ಕೇ. ಇಷ್ಟು ಸಣ್ಣ ಶಿಕ್ಷೆಯ ಅಪರಾಧದಲ್ಲಿ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರ ಪೊಲೀಸರಿಗೆ ಬಂದದ್ದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 202 ಮತ್ತು 203ರಿಂದ. ಸಮವಸ್ತ್ರದಲ್ಲಿರುವ ಅಧಿಕಾರಿ ತನ್ನ ಕಣ್ಣೆದುರು ನಡೆದ ಡಿಡಿಗೆ ಬಂಧಿಸಬಹುದು. ಆದರೆ ಜಾಮೀನು ಕೇಳಿ, ಅದಕ್ಕೆ ಬೇಕಾದ್ದನ್ನು ಕೊಡಲು ತಯಾರಿದ್ದರೆ ಬಿಡಲೇಬೇಕು ಎನ್ನುತ್ತದೆ ಬಿಎನ್‌ಎಸ್‌ಎಸ್ ಸೆಕ್ಷನ್ 478 (ಹಳೆಯ ಸಿಆರ್‌ಪಿಸಿಯ 436).

ವಾಸ್ತವದಲ್ಲಿ ಹೆಚ್ಚಿನ ಡಿಡಿ ಕೇಸುಗಳಲ್ಲಿ ಬಂಧನವೇ ಆಗುವುದಿಲ್ಲ. ಊದಿಸಿ, ಚೀಟಿ ತೆಗೆದು, ಗಾಡಿ ಇಟ್ಟುಕೊಂಡು, ಕೋರ್ಟಿಗೆ ಹಾಜರಾಗಲು ನೋಟಿಸ್ ಕೊಟ್ಟು, ಆಟೊ ಹತ್ತಿಸಿ ಕಳಿಸುತ್ತಾರೆ. ಬಂಧನ ಆಗಿಲ್ಲವೆಂದರೆ ಜಾಮೀನಿನ ಮಾತೂ ಇಲ್ಲ. ಅದಕ್ಕೇ ಠಾಣೆಗೆ ಓಡಿಬಂದ ಮನೆಯವರು ಮೊದಲು ಕೇಳಬೇಕಾದದ್ದು: ಅರೆಸ್ಟ್ ಮೆಮೊ (ಬಂಧನದ ದಾಖಲೆ) ಬರೆದಿದ್ದಾರಾ, ಎಷ್ಟು ಗಂಟೆಗೆ, ಯಾವ ಯಾವ ಸೆಕ್ಷನ್?

ಮೊದಲ ಎರಡು ಗಂಟೆ

ಬಂಧನದ ಗಳಿಗೆ ಮುಖ್ಯವಾಗುವುದು ಸೆಕ್ಷನ್ 202ರ ಒಂದು ಷರತ್ತಿನಿಂದ. 185ರಡಿ ಬಂಧಿಸಿದವರನ್ನು ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ತಪಾಸಣೆ ಮಾಡಿಸಬೇಕು, ಇಲ್ಲದಿದ್ದರೆ ಬಂಧನದಿಂದ ಬಿಡಬೇಕು. ಜಾಮೀನು ಅರ್ಜಿಯನ್ನೂ ಕಾಯದೆ ಬಿಡಬೇಕು. ಹಾಗೆ ಬಿಟ್ಟರೂ ಕೇಸು ಮಾತ್ರ ಹಾಗೇ ಇರುತ್ತದೆ. ರಾತ್ರಿ ಹನ್ನೆರಡರ ಮೇಲೆ ಸರಕಾರಿ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಡ್ಯೂಟಿ ಡಾಕ್ಟರ್ ಮುಂದೆ ಸರದಿ ಕಾಯುವಾಗ ಎರಡು ಗಂಟೆ ಬಹಳ ಬೇಗ ಕಳೆಯುತ್ತದೆ. ಮೆಮೊದಲ್ಲಿ ಬರೆದ ಬಂಧನದ ಸಮಯವನ್ನೂ ಆಸ್ಪತ್ರೆಯ ಚೀಟಿಯ ಸಮಯವನ್ನೂ ಪಕ್ಕಪಕ್ಕ ಇಟ್ಟು ನೋಡುವುದು ವಕೀಲರ ಮೊದಲ ಕೆಲಸ.

ಊದುವ ಯಂತ್ರದ ಚೀಟಿಯಲ್ಲಿ ರೀಡಿಂಗ್, ದಿನಾಂಕ, ಸಮಯ, ಯಂತ್ರದ ಸಂಖ್ಯೆ, ವಾಹನ ಸಂಖ್ಯೆ ಇವೆಯೇ ನೋಡಿ ಸಹಿ ಹಾಕಬೇಕು, ಫೋಟೊ ತೆಗೆದುಕೊಳ್ಳಬೇಕು. ಮೌತ್‌ವಾಶ್ ಅಥವಾ ಆಗಷ್ಟೇ ಕುಡಿದ ಗುಟುಕು ಬಾಯಲ್ಲಿದ್ದರೆ ರೀಡಿಂಗ್ ಸುಳ್ಳಾಗಿ ಮೇಲೇರುತ್ತದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಸೆಕ್ಷನ್ 203ರಡಿ ಬಂಧಿಸಿದವರಿಗೆ ಠಾಣೆಯಲ್ಲಿ ಇನ್ನೊಮ್ಮೆ ಊದುವ ಅವಕಾಶ ಕೊಡಬೇಕು ಎಂದು ಆ ಸೆಕ್ಷನ್ನೇ ಹೇಳುತ್ತದೆ. ಆರೋಗ್ಯವಂತರ ರಕ್ತದಲ್ಲಿ ಆಲ್ಕೋಹಾಲ್ ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಇಳಿಯುತ್ತದೆ. ಆದ್ದರಿಂದ ರಸ್ತೆಯಲ್ಲಿ 38 ಬಂದದ್ದು ಒಂದು ಗಂಟೆಯ ಮೇಲೆ ಠಾಣೆಯಲ್ಲಿ 30ರ ಕೆಳಗೆ ಬರಬಹುದು. ಅಷ್ಟಕ್ಕೇ ಬಚಾವಾದೆ ಎಂದುಕೊಳ್ಳಬೇಡಿ. ಲೆಕ್ಕಕ್ಕೆ ಬರುವುದು ಓಡಿಸುವಾಗಿನ ಪ್ರಮಾಣ, ಮೊದಲ ಚೀಟಿ ಸಾಕ್ಷ್ಯವಾಗಿ ಉಳಿಯುತ್ತದೆ.

ಊದುವುದಿಲ್ಲ ಎಂದು ಹಟ ಹಿಡಿಯುವುದರಿಂದ ಲಾಭವಿಲ್ಲ. ಕುಡಿದಿರುವ ಸಕಾರಣ ಅನುಮಾನವಿದ್ದರೆ ನಿರಾಕರಣೆಯ ಮೇಲೇ ಬಂಧಿಸಬಹುದು, ಸೆಕ್ಷನ್ 204ರಡಿ ರಕ್ತ ಕೇಳಬಹುದು, ಸಕಾರಣವಿಲ್ಲದ ನಿರಾಕರಣೆ ಮುಂದೆ ವಿಚಾರಣೆಯಲ್ಲಿ ನಿಮ್ಮ ವಿರುದ್ಧವೇ ನಿಲ್ಲುತ್ತದೆ. ರಕ್ತ ಕೊಡುವಾಗ ಎರಡು ವಿಷಯ ಗಮನಿಸಿ. ಸೂಜಿ ಚುಚ್ಚುವ ಜಾಗವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬಾರದು, ಏಕೆಂದರೆ ಅದೇ ಆಲ್ಕೋಹಾಲ್. ರಕ್ತ ಹಾಕುವ ಬಾಟಲಿಯಲ್ಲಿ ಸೋಡಿಯಂ ಫ್ಲೋರೈಡ್ ಇರಬೇಕು. ಅದಿಲ್ಲದೆ ದಿನಗಟ್ಟಲೆ ಇಟ್ಟರೆ ಸೂಕ್ಷ್ಮಾಣುಗಳು ಬಾಟಲಿಯೊಳಗೇ ಆಲ್ಕೋಹಾಲ್ ಹುಟ್ಟಿಸಬಲ್ಲವು. ಬಾಯಿ ವಾಸನೆ, ತೂರಾಟ, ಕೆಂಪು ಕಣ್ಣು ಇಷ್ಟನ್ನೇ ಬರೆದ ವೈದ್ಯರ ಚೀಟಿ 185ಕ್ಕೆ ಸಾಲದು. ಕಾಯ್ದೆ ಕೇಳುವುದು ಅಂಕಿ.

ಮಹಿಳೆಯರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸಬಾರದು, ಅಸಾಧಾರಣ ಸಂದರ್ಭವಿದ್ದರೆ ಮಾತ್ರ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬಂಧಿಸಬಹುದು. 60 ದಾಟಿದವರನ್ನು ಈ ಮಟ್ಟದ ಅಪರಾಧಕ್ಕೆ ಬಂಧಿಸಲು ಡಿವೈಎಸ್‌ಪಿ ಅಥವಾ ಮೇಲಿನ ಅಧಿಕಾರಿಯ ಅನುಮತಿ ಬೇಕು. ಹೀಗಾಗಿ ಇವರಿಬ್ಬರಿಗೂ ನೋಟಿಸೇ ಸೂಕ್ತ ದಾರಿ.

ಠಾಣಾ ಜಾಮೀನು

ಸ್ಟೇಷನ್ ಬೇಲ್ ಕೊಡುವವರು ಠಾಣಾಧಿಕಾರಿ. ಅರ್ಜಿ, ವಾದ ಯಾವುದೂ ಇಲ್ಲ. ಕರೆದಾಗ ಕೋರ್ಟಿಗೆ ಬರುತ್ತೇನೆ, ತಪ್ಪಿದರೆ ಇಷ್ಟು ಹಣ ಕೊಡುತ್ತೇನೆ ಎಂದು ಬರೆದುಕೊಡುವುದಷ್ಟೇ. ಬರೇ ಆರೋಪಿಯ ಸಹಿ ಇದ್ದರೆ ಅದು ಸ್ವಂತ ಬಾಂಡ್. ಜತೆಗೆ ಇನ್ನೊಬ್ಬರು ಹೊಣೆ ಹೊತ್ತರೆ ಜಾಮೀನು ಬಾಂಡ್. ಮೊತ್ತವನ್ನು ಕಾನೂನು ನಿಗದಿ ಮಾಡಿಲ್ಲ, ಅತಿಯಾಗಿರಬಾರದು ಎಂದಷ್ಟೇ ಬಿಎನ್‌ಎಸ್‌ಎಸ್ ಸೆಕ್ಷನ್ 484 ಹೇಳುತ್ತದೆ. ಬಾಂಡಿನ ಮೊತ್ತ ಅವತ್ತೇ ಕಟ್ಟುವ ಹಣವಲ್ಲ. ತಪ್ಪಿಸಿಕೊಂಡರೆ ಮಾತ್ರ ವಸೂಲಾಗುವ ಹಣ. ಇದು ಗೊತ್ತಿಲ್ಲದೆ ರಾತ್ರೋರಾತ್ರಿ ಎಟಿಎಂ ಹುಡುಕುವವರಿದ್ದಾರೆ. ಜಾಮೀನುದಾರರೇ ಸಿಗದಿದ್ದರೆ ಬಾಂಡಿನ ಬದಲು ನಗದು ಠೇವಣಿ ಇಡುತ್ತೇನೆ ಎಂದು ಸೆಕ್ಷನ್ 490ರಡಿ ಕೇಳಬಹುದು. ಒಪ್ಪಿದರೆ ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬಾರದು.

ಜಾಮೀನುದಾರರನ್ನು ಒದಗಿಸಲಾಗದ ಬಡವರನ್ನು ಸ್ವಂತ ಬಾಂಡಿನ ಮೇಲೆ ಬಿಡಲೇಬೇಕು. ಬಂಧನವಾಗಿ ಒಂದು ವಾರದಲ್ಲಿ ಜಾಮೀನು ಕೊಡಲಾಗದವರನ್ನು ಬಡವರೆಂದೇ ಭಾವಿಸಬೇಕು ಎಂದು 478ರ ವಿವರಣೆ ಹೇಳುತ್ತದೆ. ಬಾಡಿಗೆ ಟ್ಯಾಕ್ಸಿ ಓಡಿಸುವ, ಊರಿಂದ ಬಂದು ಒಬ್ಬನೇ ಇರುವ ಹುಡುಗನಿಗೆ ಈ ಸಾಲು ವಕೀಲರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಉಚಿತ ಕಾನೂನು ನೆರವಿನ ಸಹಾಯವಾಣಿ 15100. ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವಿನ ಹಕ್ಕಿದೆ.

ಠಾಣೆಗೆ ಹೋಗುವವರು ಕುಡಿಯದ ಒಬ್ಬರಾಗಿರಲಿ. ಜತೆಯಲ್ಲೇ ಪಾರ್ಟಿ ಮಾಡಿದ ಗೆಳೆಯ ಜಾಮೀನಿಗೆ ಬಂದು ನಿಂತರೆ ಕೆಲಸ ಕೆಡುತ್ತದೆ. ಅವರ ಕೈಯಲ್ಲಿ ಆಧಾರ್, ವಿಳಾಸದ ದಾಖಲೆ, ನಾಲ್ಕು ಫೋಟೊ, ಆರೋಪಿಯ ಗುರುತಿನ ಚೀಟಿ, ಗಾಡಿಯ ಆರ್‌ಸಿ ಇರಲಿ. ಖಾಲಿ ಹಾಳೆಗೆ ಸಹಿ ಹಾಕಬಾರದು, ಹಾಕಿದ ಪ್ರತಿಯೊಂದರ ನಕಲು ಕೇಳಬೇಕು. ಠಾಣೆಯಲ್ಲಿ ಬಿಡದಿದ್ದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಅಲ್ಲೂ ಇದೇ ಹಕ್ಕು. ಅಂದಹಾಗೆ, ಬಂಧನಕ್ಕೆ ಮೊದಲೇ ಪಡೆಯುವ ನಿರೀಕ್ಷಣಾ ಜಾಮೀನು ಇರುವುದು ಜಾಮೀನುರಹಿತ ಅಪರಾಧಗಳಿಗೆ ಮಾತ್ರ, ಅಂದರೆ ಜಾಮೀನು ಹಕ್ಕಾಗಿರದೆ ಕೋರ್ಟಿನ ವಿವೇಚನೆಗೆ ಬಿಟ್ಟಿರುವಂಥವಕ್ಕೆ. ಬರೀ 185ರ ನೋಟಿಸ್ ಬಂದಾಗ ಅದಕ್ಕೆ ಫೀಸು ಕೇಳುವವರಿಂದ ದೂರವಿರಿ.

ಬಾಯಿ, ಕೈ ಮತ್ತು ಸೆಕ್ಷನ್ 132

ಸರಳ ಡಿಡಿ ಕೇಸು ಜೈಲಿಗೆ ತಿರುಗುವುದಕ್ಕೆ ಅಪಘಾತವೇ ಆಗಬೇಕೆಂದಿಲ್ಲ. ‘ನಾನ್ಯಾರು ಗೊತ್ತಾ’ ಎಂದು ಶುರುವಾಗಿ, ಪೇದೆಯ ಕೈ ತಳ್ಳಿ, ಯಂತ್ರ ಕಿತ್ತುಕೊಂಡು, ಬ್ಯಾರಿಕೇಡಿಗೆ ಗಾಡಿ ನುಗ್ಗಿಸಿದರೆ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಸೆಕ್ಷನ್ 132 ಬೀಳುತ್ತದೆ: ಕರ್ತವ್ಯದಲ್ಲಿರುವ ಸರಕಾರಿ ನೌಕರರ ಮೇಲೆ ಹಲ್ಲೆ ಅಥವಾ ಬಲಪ್ರಯೋಗ. ಹಳೆಯ ಐಪಿಸಿ 353. ಶಿಕ್ಷೆ ಎರಡೇ ವರ್ಷದವರೆಗೆ, ಆದರೆ ಜಾಮೀನುರಹಿತ. ಠಾಣಾ ಜಾಮೀನು ಹಕ್ಕಾಗಿ ಉಳಿಯುವುದಿಲ್ಲ. ಬೆಳಿಗ್ಗೆ ದಂಡ ಕಟ್ಟಿ ಮುಗಿಯಬಹುದಾಗಿದ್ದ ಕೇಸು ರಿಮ್ಯಾಂಡ್ ಅರ್ಜಿಯಾಗುತ್ತದೆ, ಅಂದರೆ ಆರೋಪಿಯನ್ನು ಬಂಧನದಲ್ಲೇ ಇಡಿ ಎಂದು ಪೊಲೀಸರು ಕೋರ್ಟನ್ನು ಕೇಳುತ್ತಾರೆ. ಗಾಡಿಯಲ್ಲಿ ಗಾಂಜಾ ಅಥವಾ ಬೇರೆ ಮಾದಕ ವಸ್ತು ಸಿಕ್ಕರೆ ಎನ್‌ಡಿಪಿಎಸ್ ಕಾಯ್ದೆ ಬರುತ್ತದೆ, ವಾಣಿಜ್ಯ ಪ್ರಮಾಣಕ್ಕೆ (ಗಾಂಜಾದಲ್ಲಿ 20 ಕೆ.ಜಿ. ಮೀರಿದರೆ) ಅದರ ಸೆಕ್ಷನ್ 37 ಜಾಮೀನನ್ನು ಬಹಳ ಕಠಿಣ ಮಾಡುತ್ತದೆ.

ಅಪಘಾತವಾದಾಗ

ಕುಡಿದು ಗುದ್ದಿ ಗಾಯವಾದರೆ ಸಾಮಾನ್ಯವಾಗಿ ಬೀಳುವ ಬಿಎನ್‌ಎಸ್ 281 (ಅಡ್ಡಾದಿಡ್ಡಿ ಚಾಲನೆ) ಮತ್ತು 125 (ಇತರರ ಜೀವಕ್ಕೆ ಅಪಾಯ ತರುವುದು) ಎರಡೂ ಜಾಮೀನು ಸಿಗುವಂಥವು. ಸಾವಾದಾಗಲೂ 106(1), ಅಂದರೆ ನಿರ್ಲಕ್ಷ್ಯದಿಂದ ಸಾವು, ಐದು ವರ್ಷದವರೆಗೆ ಶಿಕ್ಷೆಯಿದ್ದರೂ ಜಾಮೀನು ಸಿಗುವ ಅಪರಾಧವೇ. ಸತ್ತವರ ಮನೆಯವರು ಠಾಣೆಯ ಮುಂದೆ ಕೂತಿರುವಾಗ ಆರೋಪಿ ಅದೇ ಸಂಜೆ ಮನೆಗೆ ಹೋಗುವುದನ್ನು ಜನ ‘ದುಡ್ಡು ಕೆಲಸ ಮಾಡಿತು’ ಎಂದು ಓದುತ್ತಾರೆ. ಬಹಳ ಸಲ ಕೆಲಸ ಮಾಡಿರುವುದು ಯಾವ ಅಪರಾಧಕ್ಕೆ ಜಾಮೀನು ಹಕ್ಕು ಎಂದು ಹೇಳುವ ಬಿಎನ್‌ಎಸ್‌ಎಸ್ ಅನುಸೂಚಿಯ ಒಂದು ಕಾಲಂ. ಗುದ್ದಿ ಓಡಿಹೋದವರಿಗೆ ಹತ್ತು ವರ್ಷದವರೆಗೆ ಶಿಕ್ಷೆಯ 106(2) ಬಗ್ಗೆ 2024ರ ಆರಂಭದಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ್ದು ನೆನಪಿರಬಹುದು. ಹೊಸ ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂದಾಗ ಆ ಉಪವಿಭಾಗವನ್ನು ಬಿಟ್ಟೇ ಜಾರಿ ಮಾಡಲಾಯಿತು.

ಚಿತ್ರ ಪೂರ್ತಿ ಬದಲಾಗುವುದು ಪೊಲೀಸರು ಬಿಎನ್‌ಎಸ್ ಸೆಕ್ಷನ್ 105 ಹಾಕಿದಾಗ: ಕೊಲೆಯಲ್ಲದ ನರಹತ್ಯೆ, ಹಳೆಯ ಐಪಿಸಿ 304. ಕುಡಿದು, ಜನ ಇರುವ ಕಡೆ ವಿಪರೀತ ವೇಗದಲ್ಲಿ ನುಗ್ಗಿಸಿದರೆ ಸಾವಾಗಬಹುದೆಂಬ ಅರಿವು ಇತ್ತು ಎಂಬುದು ಅದರ ತರ್ಕ. ಮುಂಬೈಯ ಕಾರ್ಟರ್ ರಸ್ತೆಯಲ್ಲಿ 2006ರ ನವೆಂಬರಿನಲ್ಲಿ ಫುಟ್‌ಪಾತಿನಲ್ಲಿ ಮಲಗಿದ್ದ ಏಳು ಮಂದಿ ಸತ್ತ ಅಲಿಸ್ಟರ್ ಪರೇರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಈ ತರ್ಕವನ್ನು ಒಪ್ಪಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಸೆಕ್ಷನ್ 105 ಜಾಮೀನುರಹಿತ, ವಿಚಾರಣೆ ಸೆಷನ್ಸ್ ಕೋರ್ಟಿನಲ್ಲಿ. ಅದರ ಮೊದಲ ಭಾಗಕ್ಕೆ ಜೀವಾವಧಿಯವರೆಗೆ ಶಿಕ್ಷೆ ಇರುವುದರಿಂದ ಮ್ಯಾಜಿಸ್ಟ್ರೇಟರು ಜಾಮೀನು ಕೊಡಲು ಹಿಂಜರಿಯುತ್ತಾರೆ. ಅರ್ಜಿ ಸೆಷನ್ಸ್‌ಗೆ, ಅಲ್ಲಿ ಆಗದಿದ್ದರೆ ಹೈಕೋರ್ಟಿಗೆ: ಬೆಂಗಳೂರು, ಧಾರವಾಡ ಅಥವಾ ಕಲಬುರಗಿ, ಜಿಲ್ಲೆ ಯಾವ ಪೀಠಕ್ಕೆ ಸೇರಿದೆಯೋ ಅಲ್ಲಿಗೆ.

ಈ ಅರ್ಜಿಗೆ ಸರಕಾರಿ ಅಭಿಯೋಜಕರು ತಕರಾರು ಸಲ್ಲಿಸುತ್ತಾರೆ, ಆದ್ದರಿಂದ ಒಂದೇ ದಿನದಲ್ಲಿ ಆಗುವುದು ಅಪರೂಪ. ಎಫ್‌ಐಆರ್, ರಿಮ್ಯಾಂಡ್ ಅರ್ಜಿ, ಅರೆಸ್ಟ್ ಮೆಮೊ, ವೈದ್ಯಕೀಯ ವರದಿ, ಸ್ಥಳ ಪಂಚನಾಮೆಗಳ ಪ್ರತಿ ಮೊದಲ ದಿನವೇ ಕೈಗೆ ಬಂದಿರಬೇಕು. ಕೋರ್ಟ್ ತೂಗಿ ನೋಡುವುದು ಹಿಂದೆ ಇಂಥ ಕೇಸು ಇದೆಯೇ, ಸ್ಥಳದಿಂದ ಓಡಿಹೋದರೇ, ಸಾಕ್ಷ್ಯ ತಿರುಚಿದರೇ ಎಂಬುದನ್ನು. 2024ರ ಮೇ ತಿಂಗಳ ಪುಣೆಯ ಪೋರ್ಷೆ ಕಾರು ಅಪಘಾತ ಪ್ರಕರಣದಲ್ಲಿ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದಲ್ಲಿ ಸರಕಾರಿ ಆಸ್ಪತ್ರೆಯ ವೈದ್ಯರು ಬಂಧಿತರಾದರು. ‘ಡ್ರೈವರ್ ಓಡಿಸುತ್ತಿದ್ದ’ ಎಂದು ಬೇರೊಬ್ಬನನ್ನು ಮುಂದೆ ತಳ್ಳುವ ಬುದ್ಧಿವಂತಿಕೆ ಇಂದು ಸಿಸಿಟಿವಿಯ ಮುಂದೆ ನಿಲ್ಲುವುದಿಲ್ಲ, ಮೇಲಾಗಿ ಜಾಮೀನಿಗೆ ಅದೇ ಅಡ್ಡಗಾಲು.

ಬಂಧನದ ಕಾರಣಗಳನ್ನು ಬರಹದಲ್ಲಿ ಕೊಟ್ಟಿದ್ದಾರೆಯೇ ಎಂಬುದು ಇಲ್ಲಿ ದೊಡ್ಡ ಅಸ್ತ್ರ. ಮುಂಬೈಯ ವರ್ಲಿಯ ಬಿಎಂಡಬ್ಲ್ಯೂ ಅಪಘಾತದಿಂದ ಹುಟ್ಟಿದ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಹೇಳಿದ್ದು: ಯಾವ ಅಪರಾಧವಾದರೂ ಸರಿ, ಕಾರಣಗಳನ್ನು ಬಂಧಿತರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು; ಕೂಡಲೇ ಆಗದಿದ್ದರೆ ರಿಮ್ಯಾಂಡಿಗೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಕೊಡಬೇಕು. ಇಂಗ್ಲಿಷ್ ಓದಲು ಬಾರದ ಲಾರಿ ಚಾಲಕನಿಗೆ ಇಂಗ್ಲಿಷ್ ಹಾಳೆ ಕೊಟ್ಟರೆ ಕೊಟ್ಟಂತಲ್ಲ.

ಇನ್ನೊಂದು ಬಲೆ: ಮೊದಲು 106(1)ರಲ್ಲಿ ಜಾಮೀನು ಪಡೆದು ಹೊರಗಿದ್ದಾಗ ಪೊಲೀಸರು ಆಮೇಲೆ 105 ಸೇರಿಸುವುದು. ಹಳೆಯ ಜಾಮೀನು ಹೊಸ ಸೆಕ್ಷನ್ನಿಗೆ ತಾನಾಗಿ ಅನ್ವಯಿಸುವುದಿಲ್ಲ. ಜಾಮೀನಿನಲ್ಲಿರುವವರನ್ನು ಮತ್ತೆ ಬಂಧಿಸಲು ಕೋರ್ಟಿನ ಆದೇಶ ಬೇಕು, ಆರೋಪಿಯೂ ಹೊಸ ಸೆಕ್ಷನ್ನಿಗೆ ಜಾಮೀನು ಕೇಳಬಹುದು ಎಂದು 2019ರ ಪ್ರದೀಪ್ ರಾಮ್ ತೀರ್ಪು ಹೇಳುತ್ತದೆ.

ಪಹಣಿಯಲ್ಲಿ ಸಿಕ್ಕಿಕೊಳ್ಳುವ ಬಿಡುಗಡೆ

ಕೋರ್ಟ್ ಜಾಮೀನು ಕೊಟ್ಟ ಮೇಲೂ ಜನ ದಿನಗಟ್ಟಲೆ ಒಳಗೇ ಉಳಿಯುತ್ತಾರೆ. ಕಾರಣ ಕಾನೂನಲ್ಲ, ಶ್ಯೂರಿಟಿ (ಜಾಮೀನುದಾರರ) ಕಾಗದ. ನಮ್ಮ ಕೋರ್ಟುಗಳಲ್ಲಿ ಜಾಮೀನುದಾರರಿಂದ ಕೇಳುವುದು ಜಮೀನಿನ ಈ ವರ್ಷದ ಪಹಣಿ ಅಥವಾ ನಿವೇಶನದ ಖಾತಾ, ಕಂದಾಯ ಕಟ್ಟಿದ ರಸೀದಿ, ಆಧಾರ್, ಫೋಟೊ. ಪಹಣಿ ಇನ್ನೂ ತೀರಿಕೊಂಡ ತಾತನ ಹೆಸರಲ್ಲೇ ಇದೆ, ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಆಗಿಲ್ಲ. ಪಹಣಿಯಲ್ಲಿ ‘ಬಿನ್’ ಹಾಕಿ ಬರೆದ ಹೆಸರಿಗೂ ಆಧಾರಿನ ಇನಿಷಿಯಲ್ಲಿಗೂ ತಾಳೆಯಿಲ್ಲ. ಜಂಟಿ ಖಾತೆಯಲ್ಲಿ ನಾಲ್ವರಿದ್ದಾರೆ, ಬಂದಿರುವುದು ಒಬ್ಬರು. ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಕಡತ ಮರುದಿನಕ್ಕೆ ಹೋಗುತ್ತದೆ. ಆದೇಶ ಬರುವ ಮೊದಲೇ ಇಬ್ಬರು ಜಾಮೀನುದಾರರ ಕಾಗದ ಕೋರ್ಟ್ ಕಚೇರಿಯ ಶಿರಸ್ತೇದಾರರ ಮಟ್ಟದಲ್ಲಿ ನಿಲ್ಲುತ್ತದೆಯೇ ಎಂದು ವಕೀಲರಿಂದ ನೋಡಿಸಿಕೊಳ್ಳಿ. ಕೋರ್ಟ್ ಆವರಣದಲ್ಲಿ ಸಿಗುವ ಬಾಡಿಗೆ ಜಾಮೀನುದಾರರ ಹತ್ತಿರ ಸುಳಿಯಬೇಡಿ. ಎಷ್ಟು ಜನಕ್ಕೆ ಜಾಮೀನು ನಿಂತಿದ್ದೇನೆ ಎಂದು ಅವರು ಬಿಎನ್‌ಎಸ್‌ಎಸ್ ಸೆಕ್ಷನ್ 486ರಡಿ ಘೋಷಿಸಬೇಕು. ಪಹಣಿ ನಕಲಿಯೆಂದು ಗೊತ್ತಾದರೆ ನಿಮ್ಮ ಜಾಮೀನೂ ಹೋಗುತ್ತದೆ, ಫೋರ್ಜರಿ ಕೇಸೂ ಬರುತ್ತದೆ.

‘ಸ್ಥಳೀಯ ಜಾಮೀನುದಾರರೇ ಬೇಕು’ ಎಂಬ ಹಟ ತಪ್ಪೆಂದು ಸುಪ್ರೀಂ ಕೋರ್ಟ್ 1978ರಷ್ಟು ಹಿಂದೆಯೇ ಮೋತಿರಾಮ್ ಪ್ರಕರಣದಲ್ಲಿ ಹೇಳಿದೆ. ಮಧ್ಯಪ್ರದೇಶದ ಗಾರೆ ಕೆಲಸದವನೊಬ್ಬನಿಗೆ 10,000 ರೂ. ಜಾಮೀನು ಕೇಳಿ, ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಆ ಸಹೋದರನ ಜಾಮೀನನ್ನು ತಿರಸ್ಕರಿಸಿದ ಕೇಸು ಅದು. 2023ರ ಜನವರಿ 31ರ ನಿರ್ದೇಶನಗಳಲ್ಲಿ ಕೋರ್ಟ್ ಇದನ್ನು ಮತ್ತೆ ಹೇಳಿ, ಆದೇಶವಾಗಿ ಒಂದು ತಿಂಗಳಲ್ಲಿ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟುಗಳೇ ಪರಿಶೀಲಿಸಬಹುದು ಎಂದಿತು. ಬೆಂಗಳೂರಿನಲ್ಲಿ ಸಿಕ್ಕ ರಾಯಚೂರಿನ ಚಾಲಕನಿಗೆ ರಾಯಚೂರಿನ ಪಹಣಿಯನ್ನೇ ಮುಂದಿಡಲು ಈ ಎರಡನ್ನೂ ಉಲ್ಲೇಖಿಸಬಹುದು.

ಗಾಡಿ, ಲೈಸೆನ್ಸ್, ಮತ್ತು ‘ತಪ್ಪಾಯ್ತು ಸಾರ್’

ಬರೀ ಡಿಡಿಯಲ್ಲಿ ಸಾಮಾನ್ಯವಾಗಿ ಕೋರ್ಟಿನಲ್ಲಿ ದಂಡ ಕಟ್ಟಿದ ಮೇಲೆ ಬಿಡುಗಡೆ ಆದೇಶ ತಂದು ತೋರಿಸಿದರೆ ಗಾಡಿ ಕೊಡುತ್ತಾರೆ. ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ ಚಾಲ್ತಿಯಲ್ಲಿರಬೇಕು, ಮಾಲೀಕರೇ ಬರಬೇಕು ಅಥವಾ ಅಧಿಕಾರಪತ್ರ ಕೊಡಬೇಕು. ಅಪಘಾತದ ಗಾಡಿಯಾದರೆ ಮೋಟಾರು ವಾಹನ ನಿರೀಕ್ಷಕರ ತಪಾಸಣೆ ಆದ ಮೇಲೆ ಮ್ಯಾಜಿಸ್ಟ್ರೇಟರಿಗೆ ಬಿಎನ್‌ಎಸ್‌ಎಸ್ ಸೆಕ್ಷನ್ 497 ಅಥವಾ 503ರಡಿ ಅರ್ಜಿ. ವಾಹನಗಳನ್ನು ಠಾಣೆಯಲ್ಲಿ ತುಕ್ಕು ಹಿಡಿಸಬಾರದು ಎಂದ 2002ರ ಸುಂದರಭಾಯಿ ಅಂಬಾಲಾಲ್ ದೇಸಾಯಿ ತೀರ್ಪನ್ನು ಈ ಅರ್ಜಿಯಲ್ಲಿ ತಪ್ಪದೆ ಬರೆಯುತ್ತಾರೆ.

ಲೈಸೆನ್ಸ್ ವಶಕ್ಕೆ ಪಡೆದರೆ ಸ್ವೀಕೃತಿ ಕೇಳಿ ಪಡೆಯಿರಿ. ಅಮಾನತು ಆಗುವುದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 19ರಡಿ, ಸಾಮಾನ್ಯವಾಗಿ ಮೂರು ತಿಂಗಳಿಗೆ ಕಡಿಮೆಯಿಲ್ಲದೆ. ಅದಕ್ಕೆ ಮೊದಲು ಬರುವ ನೋಟಿಸಿಗೆ ಉತ್ತರ ಕೊಡಬೇಕು. ಅಮಾನತಿನಲ್ಲಿದ್ದಾಗ ಓಡಿಸಿದರೆ ಸೆಕ್ಷನ್ 182ರಡಿ ಹೊಸ ಕೇಸು, ಮತ್ತೊಂದು 10,000 ರೂ. ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ.

ಕೋರ್ಟಿನಲ್ಲಿ ಸರದಿಯಲ್ಲಿ ನಿಂತು ‘ತಪ್ಪಾಯ್ತು’ ಎಂದು ಒಪ್ಪಿ ದಂಡ ಕಟ್ಟುವುದು ಬಹುತೇಕರ ದಾರಿ. ಅದು ಅಪರಾಧಿ ಎಂಬ ತೀರ್ಪು ಎಂಬುದನ್ನು ತಿಳಿದು ಒಪ್ಪಿಕೊಳ್ಳಬೇಕು. ಮುಂದಿನ ಸಲ ಎರಡನೇ ಅಪರಾಧದ ಲೆಕ್ಕ ಶುರುವಾಗುವುದು ಅಲ್ಲಿಂದಲೇ. ಅಮೆರಿಕದ ವೀಸಾ ಅರ್ಜಿ ಡಿಎಸ್-160 ಶಿಕ್ಷೆಯನ್ನಷ್ಟೇ ಅಲ್ಲ, ಎಂದಾದರೂ ಬಂಧನವಾಗಿದೆಯೇ ಎಂದೂ ಕೇಳುತ್ತದೆ. ಅಲ್ಲಿ ಎಚ್-1ಬಿ ಉದ್ಯೋಗ ವೀಸಾದಲ್ಲಿರುವವರಿಗೆ ಕುಡಿದು ಓಡಿಸಿದ ಬಂಧನವೊಂದೇ ವೀಸಾ ರದ್ದಾಗಲು ಸಾಕಾಗಬಹುದು. ಚೀಟಿಯ ಅಂಕಿ, ಸಮಯ, ಯಂತ್ರದ ಬಗ್ಗೆ ನಿಜವಾದ ತಕರಾರಿದ್ದರೆ ವಕೀಲರೊಂದಿಗೆ ಮಾತಾಡಿ ವಿಚಾರಣೆ ಕೇಳಬಹುದು. ತಕರಾರಿಲ್ಲದೆ ಎಳೆದಾಡಿದರೆ ಗಾಡಿ ಠಾಣೆಯಲ್ಲಿ, ನೀವು ಕೋರ್ಟಿನಲ್ಲಿ.

ಏನೇ ಆಯ್ಕೆ ಮಾಡಿದರೂ ನೋಟಿಸಿನ ಅಥವಾ ಬಾಂಡಿನ ದಿನಾಂಕ ತಪ್ಪಿಸಬೇಡಿ. ಬಾಂಡ್ ಮೇಲೆ ಹೊರಬಂದು ಗೈರಾದರೆ ಬಾಂಡ್ ಮುಟ್ಟುಗೋಲು, ವಾರಂಟ್, ಜತೆಗೆ ಬಿಎನ್‌ಎಸ್ 269ರಡಿ ಒಂದು ವರ್ಷದವರೆಗೆ ಶಿಕ್ಷೆಯ ಬೇರೆ ಅಪರಾಧ. ಅಲ್ಲದೆ ಅದೇ ಕೇಸಿನಲ್ಲಿ ಮತ್ತೆ ಹಿಡಿತಂದಾಗ, ಜಾಮೀನು ಸಿಗುವ ಅಪರಾಧವಾಗಿದ್ದರೂ ಕೋರ್ಟ್ ಇಲ್ಲ ಎನ್ನಬಹುದು. ಬರಲಾಗದ ದಿನ ವಕೀಲರ ಮೂಲಕ ವಿನಾಯಿತಿ ಅರ್ಜಿ ಹಾಕಿಸಿ. ಜಾಮೀನುದಾರರಿಗೂ ದಿನಾಂಕ ತಿಳಿಸಿರಿ, ಹೊಣೆ ಅವರದ್ದೂ ಹೌದು.